ಗೋಣಿಚೀಲದ ಬಿಳಿ ಪುಡಿ

ಬಾಜೂಮನಿ ಉಡಚವ್ವನ ಮ್ಯಾಲ ನನಗ ಮೊದಲಿಂದನೂ ಸಂಶಯ. "ಗುಡ್ಡವ್ವಾ, ನಿಮ್ಮ ಬೆಕ್ಕಿನಿಂದ ನಮ್ಮ ಹಾಸಗಿ ತುಂಬ ಚಿಗಟ ಆಗ್ಯಾವು" ಅಂತ ದಿನಾ ಒದರತಿದ್ದಳು.

ಅವತ್ತು ಮುಂಜಾನಿ ನಮ್ಮ ಬೆಕ್ಕು ಜೊಲ್ಲು ಸುರಿಸಿಕೋತ ಗಡಗಡ ನಡಗಾಕತ್ತಿತ್ತು. ಇದು ಆಕೀದ ಕೆಲಸ! ಬೆಂಗೇರಿಯ ನಮ್ಮ ಓಣ್ಯಾಗ ಮನಿಮನಿಗೆ ಹೋಗಿ ಹೇಳಿದೆ: "ಉಡಚವ್ವ ನಮ್ಮ ಬೆಕ್ಕಿಗೆ ವಿಷ ಹಾಕ್ಯಾಳ್ರಿ."

ತಿರುಗಿ ಬಂದು ನೋಡತೇನಿ, ಬೆಕ್ಕು ಆಕಿ ತೊಡಿ ಮ್ಯಾಲೈತಿ. ಸಬಕಾರ ಹಚ್ಚಿ ತೊಳದು, ಹೇನು ತಗಿಯೋ ಹಣಗಿಯಿಂದ ಚಿಗಟ ಹಿಕ್ಕಿ ಹಿಕ್ಕಿ ನೀರಾಗ ಮುಳಗಸಾಕತ್ತಿದ್ದಳು.

"ಏನ ಹಾಕಿದಿ ಅದಕ್ಕ?" ಅಂದೆ.

"ನೀ ಎಲ್ಲಿ ಹಾಳಾಗಿ ಹೋಗಿದ್ದಿ? ಇದರ ಮೈ ತುಂಬ ಬಿಳಿ ಪುಡಿ ಇತ್ತು. ಬೆಕ್ಕು ಮೈ ನೆಕ್ಕತೈತಿ, ಹಚ್ಚಿದ್ದೆಲ್ಲಾ ಹೊಟ್ಟಿಗೆ ಹೋಗತೈತಿ. ಅದು ಮಲಗೋ ಗೋಣಿಚೀಲ ತಾ, ಕುದಿಸೋಣು."

ಒಳಗ ಹೋಗಿ ಚೀಲ ಎತ್ತಿದೆ. ಬಿಳಿ ಪುಡಿ ಸುರೀತು. ಗ್ವಾಡಿಗೆ ಡಿಡಿಟಿ ಹೊಡಿಯಾಕ ಬಂದ ಮಲೇರಿಯಾದವರನ್ನ ಕಾಡಿ ಒಂದು ಡಬ್ಬಿ ಪುಡಿ ಇಸಗೊಂಡಿದ್ದೆ. ಚಿಗಟ ಸಾಯ್ಲಿ ಅಂತ ಹಿಂದಿನ ದಿನ ನಾನ ಅದನ್ನ ಚೀಲದ ಮ್ಯಾಲ ಉದುರಿಸಿದ್ದೆ.

ಸಂಜೀಕ ಬೆಕ್ಕು ಹಾಲು ಕುಡೀತು. ಉಡಚವ್ವ ಕೊಡ ತಗೊಂಡು ನಳಕ್ಕ ಬಂದಾಗ, ಪಾಳಿ ಹಚ್ಚಿ ನಿಂತ ಹೆಣ್ಮಕ್ಕಳೆಲ್ಲಾ ಆಕಿನ್ನ ಬಿಟ್ಟು ದೂರ ಸರದರು. ಯಾಕಂತ ತಿಳೀದ ಆಕಿ ನನ್ನ ಮಾರಿ ನೋಡಿದಳು.

ನಾನು ತಲಿ ತಗ್ಗಿಸಿ ನನ್ನ ಕೊಡ ತುಂಬಿಕೊಂಡೆ.