ಮೊದಲ ಗುಟುಕಿನ ಸುಲ್ಮಾ

ಸುಲ್ಮಾ ತೆಚೇರಾ ಅವರು ಬಲಗೈ ಒಂದರಲ್ಲೇ ಪ್ರೋಗ್ರಾಂ ಬರೆಯುತ್ತಿದ್ದರು. ಎಡಗೈಗೇನೂ ಊನವಿರಲಿಲ್ಲ, ಅದಕ್ಕೆ ಬೇರೆ ಉದ್ಯೋಗವಿತ್ತು. ಆ ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕೊಂದು ಸೊಂಟ ಬಿಡದ ಕೂಸಿನ ಹಾಗೆ ಬೆಳಗಿನಿಂದ ಸಂಜೆಯವರೆಗೆ ಅಂಟಿಕೊಂಡಿರುತ್ತಿತ್ತು. ಅಂಗೈಯಲ್ಲಿ, ಚಹಾದಂತೆ ಬಿಸಿನೀರು ಹಾಕಿ ಹೀರುವ ಮಾಟೆಯ ಹಸಿರು ಸೊಪ್ಪಿನ ಪುಡಿ ತುಂಬಿದ ಸೋರೆಬುರುಡೆ, ಬುರುಡೆಯಲ್ಲಿ ಹೀರಲಿಕ್ಕೆ ಲೋಹದ ಕೊಳವೆ. ನಮ್ಮ ಮೊಂತೆವಿದೇವೊ ನಗರದಲ್ಲಿ ಹೀಗೆ ಒಂದು ಕಂಕುಳನ್ನು ಫ್ಲಾಸ್ಕಿಗೇ ಬರೆದುಕೊಟ್ಟವರು ಬೀದಿಬೀದಿಗೆ ಸಿಗುತ್ತಾರೆ. ಆದರೆ ಅದೇ ಭಂಗಿಯಲ್ಲಿ ಕೂತು, ಅರೆಮುಚ್ಚಿದ ಕಣ್ಣಿನಿಂದ ಪರದೆಯನ್ನೂ ಕಿಟಕಿಯಾಚೆಯ ನದಿಯನ್ನೂ ಒಟ್ಟಿಗೇ ನೋಡುತ್ತ, ನಿಧಾನವಾಗಿ ಒತ್ತಿದ ಒಂದೊಂದೇ ಅಕ್ಷರದಿಂದ ಅಷ್ಟು ಗಟ್ಟಿಮುಟ್ಟಾದ ತಂತ್ರಾಂಶ ಕಟ್ಟಿದವರನ್ನು ನಾನು ಬೇರೆ ಕಂಡಿಲ್ಲ. ಎರಡೂ ಕೈಯಲ್ಲಿ ಬರೆದರೆ ಬೇಗ ಮುಗಿಯುತ್ತದಲ್ಲ ಎಂದು ಯಾರಾದರೂ ಕೆಣಕಿದರೆ, "ಅದೇ ನಂಗೆ ಭಯ" ಎನ್ನುತ್ತಿದ್ದರು.

ಅವರು ಹಾಕಿಕೊಳ್ಳುತ್ತಿದ್ದ ಕೋಟು ಅವರ ತಂದೆಯದು. ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಳ್ಳುತ್ತಿದ್ದ ಆತನ ಕಡುನೀಲಿ ಉಣ್ಣೆಯ ಕೋಟು ಮಗಳ ಮೊಣಕಾಲು ದಾಟಿ ಇಳಿಯುತ್ತಿತ್ತು. ಫ್ಲಾಸ್ಕು ಉಜ್ಜಿ ಉಜ್ಜಿ ಅದರ ಎಡಪಕ್ಕೆ ಸವೆದು ಹೊಳಪೇರಿತ್ತು. ಚಳಿಗಾಲದ ಮುಂಜಾವಿನಲ್ಲಿ, ಸಮುದ್ರದಷ್ಟು ಅಗಲವಾದ ನಮ್ಮ ಕಂದು ನದಿಯಿಂದ ಮಂಜು ಎದ್ದು ದಂಡೆಯ ರಸ್ತೆಯನ್ನೂ ದೀಪಗಳನ್ನೂ ತನ್ನೊಳಗೆ ಕರಗಿಸಿಕೊಂಡಾಗ, ಆ ಬಿಳುಪಿನಿಂದ ಮೊದಲು ಫ್ಲಾಸ್ಕಿನ ಮಿಂಚು, ಆಮೇಲೆ ಕೋಟು, ಕೊನೆಗೆ ಸುಲ್ಮಾ, ಹೀಗೆ ಕಂತುಕಂತಾಗಿ ಮೂಡಿ ಬರುತ್ತಿದ್ದರು. ನಡೆಯುವಾಗ ಯೋಚನೆಯೊಂದು ಹೊಳೆದರೆ ರಸ್ತೆಯ ನಡುವೆಯೇ ನಿಂತುಬಿಡುವರು. ಬಸ್ಸಿನವನು ಹಾರ್ನ್ ಹೊಡೆದರೆ ಯಾರೋ ಪರಿಚಯದವರು ಕರೆದರೆಂದು ನಕ್ಕು ತಲೆಯಾಡಿಸುವರು.

ಮಾತು ಕಡಿಮೆ. ಇದ್ದ ಮಾತಿಗೆಲ್ಲ ಒಂದೇ ಪೀಠಿಕೆ: "ಸುಮ್ನೆ ಕೇಳ್ತೀನಿ." ಆ ಮಾತು ಕಿವಿಗೆ ಬಿದ್ದರೆ ಸಾಕು, ನಾವು ಕೀಲಿಮಣೆಯಿಂದ ಕೈ ತೆಗೆಯುತ್ತಿದ್ದೆವು. ಅದರ ಹಿಂದೆ ಬರುವ ಮುಗ್ಧ ಪ್ರಶ್ನೆ ನಮ್ಮ ತಿಂಗಳ ಪರಿಶ್ರಮವನ್ನು ತಣ್ಣಗೆ ನೆಲಕ್ಕೆ ಕೆಡವುತ್ತದೆಂದು ನಮಗೆಲ್ಲ ಅನುಭವವಿತ್ತು.

ಬೆಳಗ್ಗೆ ಕಚೇರಿಯಲ್ಲಿ ಎಲ್ಲರೂ ಸುತ್ತ ಕೂರುತ್ತಿದ್ದೆವು. ಒಂದೇ ಬುರುಡೆ ಕೈಯಿಂದ ಕೈಗೆ ಹೋಗುತ್ತಿತ್ತು, ನೀರು ಹಾಕುವವರು ಸುಲ್ಮಾ. ಒಣಪುಡಿಯ ಮೇಲೆ ಬಿದ್ದ ಮೊದಲ ನೀರು ಬರೀ ಕಹಿ, ಬರೀ ದೂಳು. ಅದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ, ಹಾಕಿದವರೇ ಕುಡಿಯಬೇಕು. ಪೆದ್ದರ ಮಾಟೆ ಎಂದು ಅದಕ್ಕೆ ಹೆಸರು. ಸುಲ್ಮಾ ಅವರ ಯಂತ್ರಶಾಸ್ತ್ರ, ನೀತಿಶಾಸ್ತ್ರ ಎರಡೂ ಆ ಒಂದು ಗುಟುಕಿನಲ್ಲಿ ಅಡಗಿದ್ದವು. ಬಸ್ಸು ಯಾವಾಗ ಬರುತ್ತದೆಂದು ತಿಳಿಸುವ ತಂತ್ರಾಂಶವನ್ನು ಹಿಂದೊಮ್ಮೆ ಬರೆದಾಗ, ಅದನ್ನು ಊರಿಗೆ ಬಿಡುವ ಮುನ್ನ ಇಡೀ ಚಳಿಗಾಲ ತಾವೇ ನಿಲ್ದಾಣಗಳಲ್ಲಿ ನೆನೆಯುತ್ತ ನಿಂತಿದ್ದರು. ಶೀತ ಹಿಡಿದು ಮೂಗು ಕೆಂಪಾಗಿತ್ತು. ಮುಖದಲ್ಲಿ ಮಾತ್ರ ಪರಮ ಸಮಾಧಾನ.

ನಮ್ಮ ಕಂಪನಿಯ ಮುಖ್ಯಸ್ಥ ಫಾಬ್ರಿಸಿಯೊಗೆ ಪ್ರೋಗ್ರಾಂ ಬರೆಯಲು ಕಲಿಸಿದವರೂ ಅವರೇ. ಈ ಫಾಬ್ರಿಸಿಯೊ ಒಂದು ದೊಡ್ಡ ಕೆಲಸ ಹಿಡಿದು ತಂದ. ಫೋನ್ ಮಾಡಿದರೆ ಮನೆಗೇ ಡಾಕ್ಟರನ್ನು ಕಳಿಸುವ ವೈದ್ಯಕೀಯ ಸಂಸ್ಥೆಯೊಂದಕ್ಕೆ, ಚಳಿಗಾಲದ ಕರೆಗಳ ನೂಕುನುಗ್ಗಲನ್ನು ತಾನೇ ಸಂಭಾಳಿಸುವ ಒಂದು ದನಿ ಬೇಕಿತ್ತು: ರೋಗಿಯ ಮಾತು ಕೇಳಿ, ಡಾಕ್ಟರು ಈಗಲೇ ಹೊರಡಬೇಕೇ, ನಾಳೆಯವರೆಗೆ ಕಾಯಬಹುದೇ ಎಂದು ತೀರ್ಮಾನಿಸುವ ಕೃತಕ ಬುದ್ಧಿ. ಕಂಪನಿಯ ಅಳಿವು ಉಳಿವು ಅದರ ಮೇಲೆ ನಿಂತಿತ್ತು. ನಾವು ಅದಕ್ಕೆ ಸುಕುಮಾರಿಯ ಕಂಠ ಕೊಟ್ಟೆವು, ಹಳೆಯ ಕರೆಗಳನ್ನು ರಾಶಿರಾಶಿಯಾಗಿ ಕೇಳಿಸಿ ಕಲಿಸಿದೆವು. ಒಪ್ಪಿಸುವ ಕಾಲ ಹತ್ತಿರವಾದಾಗ ಕಿಟಕಿಯ ಕಡೆಯಿಂದ ದನಿ ಬಂತು.

"ಸುಮ್ನೆ ಕೇಳ್ತೀನಿ, ಫಾಬ್ರಿ. ಇದರ ಪೆದ್ದರ ಮಾಟೆ ಯಾರು ಕುಡೀತಾರೆ?"

"ಶುರುವಾಯ್ತಪ್ಪ! ಟೆಸ್ಟೆಲ್ಲ ಆಗಿದೆಯಲ್ಲ ಮಾರಾಯ್ತಿ."

"ಅದು ಬೇರೆಯವರ ಅಮ್ಮಂದಿರ ಮೇಲೆ ಆಗಿರೋದು. ನಮ್ಮಮ್ಮಂದಿರು?"

ಹೀಗೆ, ಆ ಯಂತ್ರವನ್ನು ಊರಿಗೆ ಒಪ್ಪಿಸುವ ಮುನ್ನ ನಮ್ಮ ನಮ್ಮ ತಾಯಂದಿರ ಕರೆಗಳಷ್ಟೇ ಅದಕ್ಕೆ ಹೋಗಬೇಕೆಂದಾಯಿತು. ಫಾಬ್ರಿಸಿಯೊನ ತಾಯಿ ಕಸಾಯಿಯವನಿಗೆ ಮಾಂಸ ಹೇಳುವ ದರ್ಪದಲ್ಲೇ "ಎದೆ ಉರೀತಿದೆ, ಬೇಗ ಕಳಿಸು" ಎಂದರು, ಡಾಕ್ಟರು ಬಂದೇಬಿಟ್ಟ. ನನ್ನ ತಾಯಿ ಉಪ್ಪು ತಿನ್ನಬೇಕೋ ಬೇಡವೋ ಎಂದು ಯಂತ್ರದೊಡನೆ ಜಗಳವಾಡಿ ಗೆದ್ದರು. ನಾವೆಲ್ಲ ಹಿಗ್ಗಿದೆವು. ಕೊಳ್ಳುವವರ ಸಹಿಯೊಂದು ಬಾಕಿ ಇತ್ತು.

ಸುಲ್ಮಾ ಅವರ ಜೊತೆಗೇ ಇದ್ದ ತಾಯಿ ಒರ್ಫಿಲಿಯಾ ಒಳನಾಡಿನವರು, ತಾಕ್ವಾರೆಂಬೊ ಕಡೆಯ ಹುಲ್ಲುಗಾವಲಿನವರು. ಒಂದು ಭಾನುವಾರ ಮಧ್ಯಾಹ್ನ ಮಳೆ ಹಿಡಿಯಿತು. ಮಳೆ ಹಿಡಿದರೆ ನಮ್ಮಲ್ಲಿ ರೊಟ್ಟಿ ಕರಿಯುವುದು ವಾಡಿಕೆ. ಸುಲ್ಮಾ ನದಿಯ ದಂಡೆಯಿಂದ ನೆನೆದು ಮನೆಗೆ ಬಂದಾಗ ಹಿಟ್ಟು ಅರ್ಧ ನಾದಿದ್ದು ಹಾಗೇ ಬಿದ್ದಿತ್ತು. ತಾಯಿ ಕುರ್ಚಿಗೆ ಒರಗಿ ಫೋನಿನಲ್ಲಿ ನಮ್ಮ ಯಂತ್ರದೊಡನೆ ಮಾತಾಡುತ್ತಿದ್ದರು. ಆ ಸಂಭಾಷಣೆಯ ಧ್ವನಿಮುದ್ರಿಕೆಯನ್ನು ಮರುದಿನ ನಾವೆಲ್ಲರೂ ಕೇಳಿದೆವು.

"ಹೆಂಗದೀ ಮಗಳ? ಐತವಾರಾನೂ ದುಡಿಸ್ತಾರೇನ ನಿನ್ನ? ಉಂಡೇನ?"

"ನಾನು ಚೆನ್ನಾಗಿದ್ದೇನೆ, ಧನ್ಯವಾದಗಳು. ನಿಮಗೆ ಏನಾಗುತ್ತಿದೆ?"

"ಏನಿಲ್ಲವ್ವ. ಹಿಟ್ಟು ನಾದಾಕತ್ತಿದ್ದೆ, ಒಂಚೂರು ದಣಿವಾತು. ಉಸಿರು ಸ್ವಲ್ಪ ಬಿಗೀತು. ವಯಸ್ಸಾತಲ್ಲ. ಈ ಮಳ್ಯಾಗ ಡಾಕ್ಟರನ್ನ ಕಳಸಬ್ಯಾಡ, ಪಾಪ, ಅವರಿಗೂ ಮನಿ ಮಕ್ಕಳು ಇರತಾವ."

"ಆಗಲಿ. ವಿಶ್ರಾಂತಿ ತೆಗೆದುಕೊಳ್ಳಿ. ನಾಳೆ ಬೆಳಿಗ್ಗೆ ವಿಚಾರಿಸುತ್ತೇವೆ."

ತಾಯಿಯ ತುಟಿ ನೀಲಿಗಟ್ಟಿದ್ದನ್ನು ಮಗಳು ನೋಡಿದರು. ಫೋನ್ ಕಸಿದು, ಮನುಷ್ಯರೇ ಎತ್ತುವ ಹಳೆಯ ನಂಬರಿಗೆ ಕರೆ ಮಾಡಿದರು. ಬಂದ ಡಾಕ್ಟರು ಹೃದಯಾಘಾತವೆಂದೂ, ನಾಳೆ ಬೆಳಿಗ್ಗೆ ವಿಚಾರಿಸಿದ್ದರೆ ಉತ್ತರಿಸಲು ಇವರು ಇರುತ್ತಿರಲಿಲ್ಲವೆಂದೂ ಹೇಳಿ ಆಸ್ಪತ್ರೆಗೆ ಹೊರಡಿಸಿದ.

ಸೋಮವಾರ ಸುಲ್ಮಾ ಆಸ್ಪತ್ರೆಯಿಂದ ನೇರವಾಗಿ ಕಚೇರಿಗೆ ಬಂದರು. ಕೋಟು ಇನ್ನೂ ಒದ್ದೆ. ಎಂದಿನಂತೆ ನೀರು ಹಾಕಿ, ಮೊದಲ ಕಹಿ ತಾವು ಕುಡಿದು, ಮತ್ತೆ ತುಂಬಿ ಫಾಬ್ರಿಸಿಯೊನ ಕೈಗಿತ್ತರು. ಅಷ್ಟರಲ್ಲಿ ಅವನೂ ಆ ಕರೆಯನ್ನು ಕೇಳಿಸಿಕೊಂಡಿದ್ದ.

"ಸರಿಮಾಡೋಣ ಸುಲ್ಮಾ. ಉಸಿರು ಅಂದ ತಕ್ಷಣ ಡಾಕ್ಟ್ರು ಹೊರಡೋ ಹಾಗೆ ಮಾಡ್ತೀವಿ. ಸಣ್ಣ ಬಗ್ ಅಷ್ಟೇ."

"ಬಗ್ ಅಲ್ಲ ಕಣೋ. ಅಮ್ಮ ಬೇಡ ಅಂದ್ಳು, ಅದು ನಂಬ್ತು. ಅಮ್ಮಂದಿರು ಬೇಡ ಅಂದ್ರೆ ಈ ನಾಡಲ್ಲಿ ಯಾರಾದ್ರೂ ನಂಬ್ತಾರಾ? ಅಳಿಯಂದಿರು ಬಿಟ್ರೆ?"

ಸುಲ್ಮಾ ನದಿಯ ಕಡೆ ನೋಡುತ್ತ, ಕನಸಿನಲ್ಲಿ ಮಾತಾಡುವವರ ಹಾಗೆ ಮುಂದುವರಿಸಿದರು. "ಫೋನ್ ಎತ್ತೋ ಹುಡುಗಿ ಹೀಗೆ ನಂಬಿದ್ರೆ, ಮನೆಗೆ ಹೋಗಿ ಒದ್ದಾಡ್ತಾಳೆ. ನಾಳೆ ಇನ್ನೊಂದು ಮಾತು ಜಾಸ್ತಿ ಕೇಳ್ತಾಳೆ. ಇದು ಒದ್ದಾಡಲ್ಲ ಫಾಬ್ರಿ, ಸುಸ್ತಾಗೋದೂ ಇಲ್ಲ. ಒಂದೇ ಮಧ್ಯಾಹ್ನದಲ್ಲಿ ಊರಿನ ಅಮ್ಮಂದಿರನ್ನೆಲ್ಲ ನಂಬಿಬಿಡುತ್ತೆ. ಡಾಕ್ಟ್ರು ಬರ್ತಾರೆ ಅನ್ನೋದನ್ನ ಬೇಕಾದ್ರೆ ಇದು ಹೇಳ್ಲಿ. ಕಾಯಿರಿ ಅನ್ನೋದನ್ನ ಮಾತ್ರ, ಹೆಸರಿರೋ ಒಬ್ಬ ಮನುಷ್ಯ ಹೇಳ್ಬೇಕು."

"ಅಂದ್ರೆ ಅರ್ಧ ಯಂತ್ರ! ಅರ್ಧ ಯಂತ್ರ ಯಾರು ತಗೋತಾರೆ? ಅವ್ರು ಬೇಡ ಅಂದ್ರೆ ನಾವು ಬಾಗಿಲು ಹಾಕ್ಬೇಕು, ಗೊತ್ತಿದೆಯಲ್ಲ?"

ಸುಲ್ಮಾ ಬುರುಡೆಗಾಗಿ ಕೈ ಚಾಚಿದರು. ಬುರುಡೆಯನ್ನು ಕೈಯಲ್ಲಿ ಹಿಡಿದು ತಡಮಾಡುವುದು ನಮ್ಮಲ್ಲಿ ಅಸಭ್ಯ, ಮುಂದಿನವರು ಕಾಯುತ್ತಿರುತ್ತಾರೆ. ಆದರೂ ಫಾಬ್ರಿಸಿಯೊ ಅದನ್ನು ಹಿಡಿದೇ ಕೂತಿದ್ದ, ನಾವು ಅವನ ಕೈಯನ್ನೇ ನೋಡುತ್ತಿದ್ದೆವು. ಕೊನೆಗೆ ತಣ್ಣಗಾಗಿದ್ದ ಮಾಟೆಯನ್ನು ಗೊರ್ರೆನ್ನುವವರೆಗೆ ಹೀರಿ, ಬುರುಡೆ ಹಿಂತಿರುಗಿಸಿ, "ಹೂಂ, ಆಗ್ಲಿ" ಎಂದ. ಕೊಳ್ಳುವವರು ಗೊಣಗುತ್ತ ಗೊಣಗುತ್ತ ಅರ್ಧ ಯಂತ್ರವನ್ನೇ ಒಪ್ಪಿಕೊಂಡರು. ಆ ವರ್ಷ ನಮ್ಮ ಕಂಪನಿ ಅಂದುಕೊಂಡಷ್ಟು ದೊಡ್ಡದಾಗಲಿಲ್ಲ.

ಆ ವಾರವೇ ಒರ್ಫಿಲಿಯಾ ಅವರನ್ನು ನೋಡಲು ನಾವೆಲ್ಲ ಆಸ್ಪತ್ರೆಗೆ ಹೋದೆವು. ದಿಂಬಿನಲ್ಲಿ ಹೂತುಹೋದಂತಿದ್ದ ಆ ಸಣ್ಣ ಮುಖ ನಮ್ಮನ್ನೆಲ್ಲ ಒಂದು ಸುತ್ತು ನೋಡಿ, ಮಗಳನ್ನು ಹತ್ತಿರ ಕರೆಯಿತು.

"ಆ ಫೋನಿನ ಹುಡುಗಿನ್ನ ಬೈದ್ಯೇನ? ಕೆಲಸದಿಂದ ತಗದರೇನ? ಹಂಗ ಮಾಡಬ್ಯಾಡ್ರಿ. ನಾನ ಬ್ಯಾಡ ಅಂದಿದ್ದೆ. ಭಾಳ ಮರ್ಯಾದಿ ಹುಡುಗಿ."

ಸುಲ್ಮಾ ಫ್ಲಾಸ್ಕನ್ನು ಕಂಕುಳಿಂದ ತೆಗೆದು ನೆಲದ ಮೇಲಿಟ್ಟರು. ಅದು ಅಲ್ಲಿಂದ ಇಳಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ತಾಯಿಯ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು, "ಇಲ್ಲಮ್ಮ, ಬೈದಿಲ್ಲ. ಅವಳಿಗೆ ಜೊತೆಗೊಬ್ಬರನ್ನ ಕೊಟ್ಟಿದೀವಿ" ಎಂದರು. ನನಗೆ ಅಳು ಬಂತು. ಫಾಬ್ರಿಸಿಯೊ ಕಿಟಕಿಯ ಕಡೆ ತಿರುಗಿ ನಿಂತ.

ಇಂಥ ಜನ ಎಲ್ಲ ಕಸುಬಿನಲ್ಲೂ ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ಅವರಿಂದ ಕೆಲಸ ತಡವಾಗುತ್ತದೆ, ಲಾಭ ಕಡಿಮೆಯಾಗುತ್ತದೆ, ಜೊತೆಗಿದ್ದವರಿಗೆ ಸಿಟ್ಟೂ ಬರುತ್ತದೆ. ಪೆದ್ದರೆಂದು ಕರೆಯುವುದು ಲೋಕಕ್ಕೆ ಸುಲಭ. ಸುಲ್ಮಾ ಈಗ ನಿವೃತ್ತರು. ಮಂಜು ಕವಿದ ಬೆಳಗುಗಳಲ್ಲಿ ಆ ನೀಲಿ ಕೋಟು ನದಿಯ ದಂಡೆಯಲ್ಲಿ ಮೂಡಿ, ಕರಗಿ, ಮತ್ತೆ ಮೂಡುವುದನ್ನು ಕಂಡಾಗೆಲ್ಲ ನನಗೆ ಅನಿಸುವುದಿಷ್ಟು: ನಮ್ಮ ಕೈಗೆ ಬಂದ ಬುರುಡೆ ಕುಡಿಯುವಂತಿದೆ ಎಂದರೆ, ನಮಗಿಂತ ಮೊದಲು ಯಾರೋ ಒಬ್ಬರು, ಮುಖ ಕಿವುಚದೆ, ಅದರ ಕಹಿಯನ್ನು ಕುಡಿದು ಕೊಟ್ಟಿದ್ದಾರೆ.