ಬರುವ ಉಂಗುರ, ಹೋಗುವ ಉಂಗುರ

ಸೂರ್ಯನ ಬಿರುಗಾಳಿ ಕಾಯುವ ಪಾಳಿಯಲ್ಲಿದ್ದ ಅಕ್ಕನಿಗೆ ಕುರ್ಚಿಯಲ್ಲಿ ಕೂರಲಾಗುತ್ತಿರಲಿಲ್ಲ. ಪರದೆಯ ಮೇಲೆ ಸೂರ್ಯನ ಸುತ್ತ ಬಿಳಿಯ ಉಂಗುರವೊಂದು ಹಿಗ್ಗುತ್ತಿತ್ತು. ಸಿಡಿದ ಬಿಸಿಮೋಡ ನೇರ ನಮ್ಮ ಕಡೆ ನುಗ್ಗಿದರೂ ಹೀಗೇ ಕಾಣುತ್ತದೆ, ಆಚೆ ಬದಿಯಿಂದ ಎದ್ದು ದೂರ ಹೋದರೂ ಹೀಗೇ ಕಾಣುತ್ತದೆ. ಉಪಗ್ರಹದ ಈ ಕ್ಯಾಮೆರಾ ಸೂರ್ಯನಿಗೇ ಬಿಲ್ಲೆ ಅಡ್ಡ ಹಿಡಿದು ಸುತ್ತಲಿನದನ್ನಷ್ಟೇ ತೋರಿಸುವಂಥದ್ದು. ಸೂರ್ಯನ ಮೈ ತೋರಿಸಿ, ಸಿಡಿದದ್ದು ಯಾವ ಬದಿಯೆಂದು ಹೇಳಬಲ್ಲ ಇನ್ನೊಂದನ್ನು ಬೆಳಗಿನಿಂದ ದುರಸ್ತಿಗೆಂದು ಮುಚ್ಚಿದ್ದರು. ಅದರ ಮೊದಲ ಚಿತ್ರಕ್ಕೆ ಇನ್ನೂ ಹನ್ನೆರಡು ನಿಮಿಷವಿತ್ತು.

ತಂಗಿ ಆ ಹೊತ್ತಿಗೆ ಚಂದ್ರನನ್ನು ಸುತ್ತುವ ನಿಲ್ದಾಣದ ಹೊರಗೆ, ಬರೀ ಒಂದು ಗಗನಯಾತ್ರಿಯ ಅಂಗಿಯ ಆಸರೆಯಲ್ಲಿ, ಬೋಲ್ಟ್ ಬಿಗಿಯುತ್ತಿದ್ದಳು. ಮೋಡಕ್ಕಿಂತ ಮುಂದೆ ನಿಮಿಷಗಳಲ್ಲೇ ಹಾರಿ ಬರುವ ವಿಕಿರಣದ ಕಣಗಳನ್ನು ಆ ಅಂಗಿ ತಡೆಯಲಾರದು.

ಮೂರು ತಿಂಗಳ ಹಿಂದೆ ಇಂಥದೇ ಉಂಗುರ ಕಂಡು ಅಕ್ಕ ಹಿಂದೆಮುಂದೆ ನೋಡದೆ ಎಚ್ಚರಿಕೆ ಕೊಟ್ಟಿದ್ದಳು. ತಂಗಿಯ ಮೊದಲ ಹೊರನಡಿಗೆ ರದ್ದಾಯಿತು. ಆಮೇಲೆ ನೋಡಿದರೆ ಮೋಡ ಬೆನ್ನು ತಿರುಗಿಸಿ ಹೋಗಿತ್ತು. ಕಚೇರಿಯವರು ಅವಳಿಗೆ ‘ಗುಮ್ಮ ಮೇಡಂ’ ಎಂದು ಹೆಸರಿಟ್ಟರು. ಅದನ್ನಾದರೂ ಸಹಿಸಬಹುದಿತ್ತು. ಒಂದು ತಿಂಗಳು ಮಾತು ಬಿಟ್ಟಿದ್ದ ತಂಗಿ ಕೊನೆಗೆ ಆಡಿದ್ದು ಒಂದೇ ಮಾತು: “ಚಿಕ್ಕಂದಿನಿಂದ ನೀನು ನನ್ನ ಹೊರಗೆ ಆಡೋಕೆ ಬಿಟ್ಟೋಳೇ ಅಲ್ಲ.”

ಎಚ್ಚರಿಕೆ ಕೊಡಲು ಪಾಳಿಯಲ್ಲಿರುವವರು ಯಾರ ಅಪ್ಪಣೆಯನ್ನೂ ಕೇಳಬೇಕಿರಲಿಲ್ಲ. ಆದರೂ ಅಕ್ಕ ಮೇಲಧಿಕಾರಿಯನ್ನು ಕೇಳಿದಳು. ನಿಮಗೆ ಬಿಟ್ಟದ್ದು ಎಂದು ಆತ ಮೆಲ್ಲಗೆ ಜಾರಿಕೊಂಡ. ಇಂಥ ಹೊತ್ತಿನಲ್ಲಿ ದೊಡ್ಡವರಿಗೆ ಎಲ್ಲಿಲ್ಲದ ವಿನಯ ಬರುತ್ತದೆ. ಅವಳು ಎದ್ದಳು, ಕೂತಳು, ಬಾಯಾರಿಕೆಯಿಲ್ಲದೆ ನೀರು ಕುಡಿದಳು. ಫೋನಿಗೆ ಕೈ ಹಾಕಿ ತೆಗೆದಳು. ಏಳು ನಿಮಿಷ ಕಳೆದಿತ್ತು. ಈ ಸಲವೂ ಹುಸಿಯಾದರೆ ತಂಗಿ ಜನ್ಮದಲ್ಲಿ ಮುಖ ನೋಡಲಾರಳು. ಇನ್ನು ಐದೇ ನಿಮಿಷ ತಾನೇ ಎಂದು ಕೈ ಹಿಸುಕಿಕೊಂಡಳು.

ಚಿತ್ರ ಬಂತು. ಅದರ ತುಂಬ ಹಿಟ್ಟು ಎರಚಿದ ಹಾಗೆ ಬಿಳಿ ಚುಕ್ಕಿಗಳು. ಸಿಡಿದ ಕಣಗಳು ಆಗಲೇ ಕ್ಯಾಮೆರಾಕ್ಕೆ ಬಡಿಯುತ್ತಿದ್ದವು. ಅಕ್ಕ ನಿಲ್ದಾಣದ ನಿಯಂತ್ರಣ ಕೊಠಡಿಗೆ ಫೋನ್ ಮಾಡಿದಳು. ಫೋನಿನಲ್ಲಿ ಅವಳು ಕೂಗಿದ್ದು ಇಡೀ ಮಹಡಿಗೆ ಕೇಳಿಸಿತು.

ತಂಗಿ ಒಳಗೆ ಸೇರಲು ಇನ್ನೂ ಇಪ್ಪತ್ತು ನಿಮಿಷ ಹಿಡಿಯಿತು. ಜೀವಕ್ಕೇನೂ ಭಯವಿಲ್ಲ ಎಂದರು ವೈದ್ಯರು. ಆದರೆ ಒಬ್ಬರಿಗೆ ಜೀವಮಾನಕ್ಕೆಲ್ಲ ಇಷ್ಟೇ ಎಂದು ಗೊತ್ತುಮಾಡಿದ ವಿಕಿರಣ ಒಂದೇ ದಿನ ಮೈಗೆ ಸೇರಿತ್ತು. ಭೂಮಿಗೆ ಇಳಿದ ಮೇಲೆ ಅವಳನ್ನು ಮತ್ತೆ ಮೇಲೆ ಕಳಿಸುವಂತಿರಲಿಲ್ಲ.

ಸಂಜೆ ತಂಗಿಯೇ ಫೋನ್ ಮಾಡಿದಳು. ಅಳಲಿಲ್ಲ, ಬೈಯಲೂ ಇಲ್ಲ. ಉಂಗುರ ಎಷ್ಟು ಹೊತ್ತಿಗೆ ಕಂಡಿತು ಎಂದಷ್ಟೇ ಕೇಳಿದಳು. ಎಚ್ಚರಿಕೆಗೆ ಹನ್ನೆರಡು ನಿಮಿಷ ಮೊದಲೇ ಎಂದು ಅಕ್ಕ ಮುಚ್ಚಿಡದೆ ಹೇಳಿದಳು.

“ನಾನು ಮಾತು ಬಿಡ್ತೀನಿ ಅಂತ ಕಾದೆಯಾ ಅಕ್ಕಾ?”

ಹೂಂ ಎಂದಳು ಅಕ್ಕ.