ಹಿಂದಿನ ಸೀಟಿನ ಮಜ್ಜಿಗೆ ಚೊಂಬು

ನಾಗಭೂಷಣ್ ಅವರ ಕಾರಿನ ಟೈರುಗಳು ಗಾಳಿ ಇಲ್ಲದಿದ್ದರೂ ಓಡುತ್ತವೆ ಎಂಬುದು ಗುಬ್ಬಿಯ ಕೊಬ್ಬರಿ ಮಂಡಿಯಲ್ಲಿ ಹಮಾಲರಿಂದ ದಲ್ಲಾಳಿಗಳವರೆಗೆ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರು ಯಾರಾದರೂ ಸಿಕ್ಕರೆ ಅವರೇ ತಡೆದು ನಿಲ್ಲಿಸಿ ಹೇಳುತ್ತಿದ್ದರು. ಎರಡು ಸಾವಿರದ ಎಂಟನೇ ಇಸವಿಯಲ್ಲಿ ಬೆಂಗಳೂರಿನ ಡಾಕ್ಟರೊಬ್ಬರಿಂದ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಬೂದಿ ಬಣ್ಣದ ಫಾರಿನ್ ಕಾರು ಅದು. ಟೈರಿನ ಹೆಸರು ರನ್‌ಫ್ಲಾಟ್. ಅವರ ಬಾಯಲ್ಲಿ ಅದು 'ರಾಮ್‌ಪ್ಲಾಟ್' ಆಗಿತ್ತು. ಯಾರೂ ತಿದ್ದಲು ಹೋಗಲಿಲ್ಲ.

ಅವರ ಡ್ರೈವರು ಚಿಕ್ಕಬೀರಯ್ಯನಿಗೆ ಮಾತ್ರ ಆ ಕಾರು ಮೊದಲ ದಿನದಿಂದಲೇ ಒಗ್ಗಲಿಲ್ಲ. ಇಪ್ಪತ್ತೆರಡು ವರ್ಷ ಅದೇ ಮನೆಯ ಅಂಬಾಸಿಡರ್ ಓಡಿಸಿದವನು. ಹೊಸ ಕಾರು ಬಂದ ದಿನ ಡಿಕ್ಕಿ ತೆಗೆದು ಸ್ಟೆಪ್ನಿ ಹುಡುಕಿದ. ಇರಲಿಲ್ಲ. ಜಾಕೂ ಇಲ್ಲ, ಗಾಲಿ ಬಿಚ್ಚುವ ಸ್ಪಾನರೂ ಇಲ್ಲ. ಮದುವೆ ಮನೆಗೆ ಹೋಗಿ ಅಡುಗೆ ಮನೆಯೇ ಕಾಣದಿದ್ದಂತಾಯಿತು ಅವನಿಗೆ. ಯಜಮಾನರು ನಕ್ಕು, ಪಂಕ್ಚರ್ ಆದರೂ ನಿಲ್ಲದ ಗಾಡಿಗೆ ಸ್ಟೆಪ್ನಿ ಯಾಕೆ, ಆ ಜಾಗದಲ್ಲಿ ಕಾಯಿ ತುಂಬು ಎಂದರು. ಅಂದಿನಿಂದ ವಾರಕ್ಕೊಂದು ಸಲ ಹಾಗಲವಾಡಿಯ ತೋಟದಿಂದ ಎರಡು ಚೀಲ ತೆಂಗಿನಕಾಯಿ ಡಿಕ್ಕಿಯಲ್ಲಿ ಬರತೊಡಗಿದವು. ಕಾಯಿ ಹೇರುವ ಗಾಡಿಗೆ ಗಾಳಿ ಜಾಸ್ತಿ ಇರಬೇಕು ಎಂಬುದು ಚಿಕ್ಕಬೀರಯ್ಯ ಚಿಕ್ಕಂದಿನಿಂದ ಕಲಿತ ಪಾಠ. ಮಂಡಿ ಹಿಂದಿನ ಕಂಪ್ರೆಸರ್‌ನಲ್ಲಿ ಅಳತೆ ನೋಡದೆ ಗಾಳಿ ಹೊಡೆಯುವನು. ಆಮೇಲೆ ಟೈರಿಗೆ ಕಬ್ಬಿಣದಿಂದ ಎರಡೇಟು ಬಾರಿಸಿ, ಸದ್ದು ಕೇಳಿ ತಲೆಯಾಡಿಸುವನು. ಲಾರಿಯವರು ಮಾಡುವುದೂ ಹಾಗೆಯೇ.

ಕಾರಿಗೆ ಪೂಜೆ ಮಾಡಿಸಿದ ದಿನ ಸ್ಟೇರಿಂಗ್ ಮುಂದೆ, ಮೀಟರಿನ ನೆತ್ತಿಯ ಮೇಲೆ, ಒಂದು ಪುಟ್ಟ ಹಿತ್ತಾಳೆ ಗಣಪನನ್ನು ಅಂಟಿಸಿದ್ದರು. ಎರಡು ತಿಂಗಳು ದಾಟಿದ ಮೇಲೆ ಆ ಗಣಪನ ಕೆಳಗೆ ಒಂದು ಹಳದಿ ದೀಪ ಹತ್ತಿಕೊಂಡಿತು. ಕಾರಿನ ಜೊತೆ ಬಂದ ಪುಸ್ತಕ ಇಂಗ್ಲಿಷಿನದು, ಇಟ್ಟಿಗೆಯಷ್ಟು ದಪ್ಪ. ಅದನ್ನು ಓದುವವರು ಯಾರು? ಯಜಮಾನರು ಬಗ್ಗಿ ನೋಡಿ, "ಗಣಪನ ಮುಂದೆ ದೀಪ ಉರೀತೈತೆ, ಒಳ್ಳೇದೇ ಆಯ್ತು ಬುಡು" ಎಂದರು. ಚಿಕ್ಕಬೀರಯ್ಯನಿಗೆ ಮನಸ್ಸು ತಡೆಯದೆ ಇಳಿದು ನಾಲ್ಕೂ ಟೈರುಗಳನ್ನು ನೋಡಿದ. ನಾಲ್ಕೂ ಮೈ ಬಿಗಿದುಕೊಂಡೇ ನಿಂತಿದ್ದವು. ಒಂದರ ಸದ್ದು ಮಾತ್ರ ಕೊಂಚ ಬೇರೆ. ಫಾರಿನ್ ರಬ್ಬರು, ಇದರ ಭಾಷೆಯೇ ಬೇರೆ ಇರಬೇಕು ಎಂದುಕೊಂಡು ಸುಮ್ಮನಾದ.

ತೊಂದರೆ ಶುರುವಾದದ್ದು ಅದೇ ವಾರ. ಯಜಮಾನರ ಒಬ್ಬಳೇ ಮಗಳು ಚೈತನ್ಯಳನ್ನು ಕುಣಿಗಲ್ಲಿಗೆ ಕೊಟ್ಟಿತ್ತು. ಅವಳಿಗೆ ಏಳು ತಿಂಗಳು. ಬಟವಾಡಿಯ ಕ್ಲಿನಿಕ್ಕಿಗೆ ಅವಳನ್ನು ತೋರಿಸಲು ಯಜಮಾನರು ತಮ್ಮ ಕಾರನ್ನೇ ಕಳಿಸಿದರು. ಜೊತೆಗೆ ಬಂದವರು ಅವಳ ಅತ್ತೆ ನಿಂಗಮ್ಮ. ಹಿಂದಿನ ಸೀಟಿನಲ್ಲಿ ಕುಳಿತು ಹೋಗಿ ಬಂದ ನಿಂಗಮ್ಮನಿಗೆ ಮೂರು ದಿನ ಸೊಂಟ ಹಿಡಿದುಕೊಂಡಿತು. ಒರಳಿಗೆ ಹಾಕಿ ಕುಟ್ಟಿದಂಗಾಯ್ತು, ಎತ್ತಿನ ಗಾಡಿಯಾದರೆ ಕೆಳಗೆ ಹುಲ್ಲಾದರೂ ಹಾಸಿರೋರು ಎಂದು ಬೀದಿಯವರ ಮುಂದೆಲ್ಲ ಹೇಳಿಕೊಂಡರು. ಡಾಕ್ಟರಮ್ಮ ಚೈತನ್ಯಳಿಗೆ ಹೆಚ್ಚು ಕುಲುಕಾಟ ಬೇಡ ಎಂದಿದ್ದರು. ನಿಂಗಮ್ಮ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡರು.

ಹೆರಿಗೆಗೆ ಮಗಳನ್ನು ಕರೆತರಲು ಗುರುವಾರ ದಿನ ನೋಡಿತ್ತು. ಅದು ತಪ್ಪಿದರೆ ಎಂಟನೇ ತಿಂಗಳು ಬೀಳುತ್ತದೆ. ಎಂಟರಲ್ಲಿ ಬಸುರಿಯನ್ನು ಹೊಸಲು ದಾಟಿಸುವುದಿಲ್ಲ. ಹಾಗಾದರೆ ಚೈತನ್ಯಳಿಗೆ ತವರಿನ ಬಾಣಂತನವಿಲ್ಲ. ಇಂಥ ಹೊತ್ತಿನಲ್ಲಿ ನಿಂಗಮ್ಮನಿಂದ ಸುದ್ದಿ ಬಂತು: ಸೊಸೆಯನ್ನು ಕಳಿಸಲ್ಲ ಅಂತಿಲ್ಲ, ಆ ಕಾರಿನಲ್ಲಿ ಕಳಿಸಲ್ಲ. ನಾಗಭೂಷಣ್ ಅವರಿಗೆ ರೇಗಿತು. ಬಾಗಿಲಲ್ಲಿ ಅಂಥ ಕಾರು ನಿಲ್ಲಿಸಿಕೊಂಡು ಬಾಡಿಗೆ ಸುಮೋದಲ್ಲಿ ಮಗಳನ್ನು ಕರೆತಂದರೆ ಮಂಡಿಯವರು ಏನೆಂದಾರು? ಬಂದರೆ ನಮ್ಮ ಕಾರಿನಲ್ಲೇ ಬರಬೇಕು ಎಂದು ಅವರೂ ಹಟ ಹಿಡಿದರು. ಇಬ್ಬರು ಹಿರಿಯರ ನಡುವೆ ಸಿಕ್ಕಿಬಿದ್ದವಳು ಚೈತನ್ಯ.

ಅವಳು ಫೋನು ಮಾಡಿದ್ದು ಅಪ್ಪನಿಗಲ್ಲ, ಚಿಕ್ಕಬೀರಯ್ಯನಿಗೆ. ಎಂಟು ವರ್ಷ ಅವಳನ್ನು ಸ್ಕೂಲಿಗೆ ಬಿಟ್ಟು ಕರೆತಂದವನು ಅವನೇ.

"ಬೀರಣ್ಣ, ಅತ್ತೆ ಒಂದು ದಾರಿ ಹೇಳವ್ರೆ" ಎಂದಳು. "ಚೊಂಬಿನ ತುಂಬ ಮಜ್ಜಿಗೆ ಇಟ್ಕೊಂಡು ಹಿಂದಿನ ಸೀಟಲ್ಲಿ ಕೂತ್ಕೋತಾರಂತೆ. ಮನೆಯಿಂದ ಕೆರೆ ಏರಿಗೆ ಹೋಗಿ ಬರೋದ್ರೊಳಗೆ ಸೀರೆ ನೆನೀದಿದ್ರೆ ಕಳಿಸ್ತಾರಂತೆ."

ನಿಂಗಮ್ಮನ ಮಾವ ಎತ್ತು ಕೊಳ್ಳುವಾಗ ಗಾಡಿಯಲ್ಲಿ ಮಜ್ಜಿಗೆ ಚೊಂಬು ಇಟ್ಟು ನಡೆ ನೋಡುತ್ತಿದ್ದರಂತೆ. ಚಿಕ್ಕಬೀರಯ್ಯ ಆ ಕಾಲದವನೇ. ನ್ಯಾಯವಾಗಿದೆ ಅನ್ನಿಸಿತು. ಆದರೆ ಆ ಕಾರಿನಲ್ಲಿ ಚೊಂಬಿಟ್ಟರೆ ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಾರು?

"ಅಪ್ಪನ ಹತ್ರ ನೀನೇ ಮಾತಾಡು ಬೀರಣ್ಣ. ಅಮ್ಮನ ಹತ್ರ ಇರಬೇಕು ಅನ್ನಿಸ್ತಿದೆ ನಂಗೆ" ಎಂದು ಅವಳು ಫೋನಿಟ್ಟಳು.

ಮಂಗಳವಾರ ಬೆಳಿಗ್ಗೆ ಅವನು ಕಾರನ್ನು ಬಟವಾಡಿಗೆ ಒಯ್ದ. ಅಲ್ಲಿ ರಾಮಾಂಜಿನಯ್ಯನ ಪಂಕ್ಚರ್ ಅಂಗಡಿ. ರಾಮಾಂಜಿನಯ್ಯ ಮಾತು ಕಡಿಮೆ, ನೋಟ ಹೆಚ್ಚು. ಟೈರಿಗೆ ಬಾರಿಸಲಿಲ್ಲ. ಗಾಳಿ ಅಳೆಯುವ ಕಡ್ಡಿ ತಂದು ಒಂದೊಂದಕ್ಕೂ ಚುಚ್ಚಿದ. ಇರಬೇಕಾದ್ದು ಮೂವತ್ತೆರಡು. ಮೂರರಲ್ಲಿ ನಲವತ್ತನಾಲ್ಕು, ಬಲಗಡೆ ಹಿಂದಿನದರಲ್ಲಿ ಒಂಬತ್ತು.

ಚಿಕ್ಕಬೀರಯ್ಯ ನಂಬಲಿಲ್ಲ. ಟೈರು ನೆಟ್ಟಗೆ ನಿಂತಿದೆಯಲ್ಲ ಎಂದ. ಅದೇ ಇದರ ಗುಣ, ಪಕ್ಕದ ಗೋಡೆ ಅಷ್ಟು ದಪ್ಪ, ಗಾಳಿ ಹೋದರೂ ರಬ್ಬರೇ ಗಾಡಿ ಹೊರುತ್ತದೆ, ಕಣ್ಣಿಗೆ ಗೊತ್ತಾಗೋದಿಲ್ಲ ಎಂದು ರಾಮಾಂಜಿನಯ್ಯ ವಿವರಿಸಿದ. ಅದಕ್ಕೇ ಒಳಗೆ ದೀಪ ಕೊಟ್ಟಿರುತ್ತಾರೆ ಎಂದೂ ಸೇರಿಸಿದ. ಚಿಕ್ಕಬೀರಯ್ಯನಿಗೆ ಗಣಪನ ಕೆಳಗಿನ ದೀಪ ನೆನಪಾಯಿತು. ಆ ದಪ್ಪ ಪುಸ್ತಕ ತಂದುಕೊಟ್ಟ. ಅಕ್ಷರ ಬಾರದಿದ್ದರೂ ಚಿತ್ರ ನೋಡಬಹುದಲ್ಲ. ರಾಮಾಂಜಿನಯ್ಯ ಹಾಳೆ ತಿರುವಿ ತಿರುವಿ ಒಂದು ಕಡೆ ಬೆರಳಿಟ್ಟ. ಗಣಪನ ಕೆಳಗೆ ಉರಿಯುತ್ತಿದ್ದ ಹಳದಿ ಗುರುತೇ ಅಲ್ಲಿತ್ತು, ಪಕ್ಕದಲ್ಲಿ ಚಪ್ಪಟೆಯಾದ ಟೈರಿನ ಚಿತ್ರ.

ಟೈರು ರಿಮ್ಮಿನಿಂದ ಬಿಡಿಸಲು ಒಂದು ಗಂಟೆ ಹಿಡಿಯಿತು. ಮಾಮೂಲಿ ಟೈರಾದರೆ ಹತ್ತು ನಿಮಿಷದ ಕೆಲಸ. ಇದು ಲಿವರಿಗೂ ಜಗ್ಗಲಿಲ್ಲ, ಸುತ್ತಿಗೆಗೂ ಬಗ್ಗಲಿಲ್ಲ. ಕೊನೆಗೆ ಇಬ್ಬರೂ ಮೇಲೆ ಹತ್ತಿ ನಿಂತಾಗ ಬಿಟ್ಟುಕೊಂಡಿತು. ಹೊರಗೆ ಎತ್ತಿನ ಲಾಳದ ಮೊಳೆಯೊಂದು ತಲೆಯವರೆಗೆ ಇಳಿದಿತ್ತು. ಒಳಗಿನಿಂದ ಕಾಫಿಪುಡಿಯಂತೆ ಕಪ್ಪು ರಬ್ಬರು ಉದುರಿತು. ಗಾಳಿ ಹೋದ ಮೇಲೂ ಎಂಬತ್ತು ಕಿಲೋಮೀಟರ್, ಅದೂ ನಿಧಾನಕ್ಕೆ ಹೋದರೆ ತಡೆಯುತ್ತದಂತೆ. ಇವರು ಹತ್ತು ದಿನ ಓಡಿಸಿದ್ದರು. ಬದಲಿಗೆ ಅಂಥದೇ ಬೇಕಾದರೆ ಬೆಂಗಳೂರಿಗೆ ಹೇಳಿ ತರಿಸಬೇಕು, ಒಂದು ವಾರವಾಗುತ್ತದೆ. ಮಾಮೂಲಿ ಟೈರಾದರೆ ನಾಳೆಯೇ ನಾಲ್ಕೂ ಹಾಕುತ್ತೇನೆ ಎಂದ ರಾಮಾಂಜಿನಯ್ಯ. ಸದ್ಯಕ್ಕೆ ತೂತು ಮುಚ್ಚಿ, ನಾಲ್ಕಕ್ಕೂ ಮೂವತ್ತೆರಡು ಗಾಳಿ ಇಟ್ಟು, ಗಣಪನ ಕೆಳಗಿನ ದೀಪವನ್ನೂ ಆರಿಸಿ, ಗುಬ್ಬಿಯವರೆಗೆ ಮೆಲ್ಲಗೆ ಹೋಗು ಎಂದು ಕಳಿಸಿದ.

ದಾರಿಯಲ್ಲಿ ಕಾರು ಮೊದಲಿಗಿಂತ ವಾಸಿ ಅನ್ನಿಸಿತು. ಅರ್ಧ ತಪ್ಪು ತನ್ನ ಕಂಪ್ರೆಸರಿನದು ಎಂದು ಚಿಕ್ಕಬೀರಯ್ಯ ಒಪ್ಪಿಕೊಂಡ. ಆದರೂ ಸಣ್ಣ ಗುಂಡಿ ಬಂದರೆ ಸಾಕು, ಏಟು ನೇರ ಬೆನ್ನಿಗೆ ಬರುತ್ತಿತ್ತು.

ಯಜಮಾನರಿಗೆ ಹೇಳುವುದು ಹೇಗೆ? ಆ ಟೈರಿನ ಮೇಲೇ ಅವರ ಮಾನ ನಿಂತಿದೆ. ಬಾಯಲ್ಲಿ ಹೇಳಿದರೆ ಕೇಳುವವರಲ್ಲ. ರಾತ್ರಿಯೆಲ್ಲ ಯೋಚಿಸಿ, ಬುಧವಾರ ಬೆಳಿಗ್ಗೆ ಅಡುಗೆ ಮನೆ ಬಾಗಿಲಲ್ಲಿ ನಿಂತು ಒಂದು ಚೊಂಬು ಮಜ್ಜಿಗೆ ಬೇಕಿತ್ತು ಅಂದ. ಯಜಮಾನಿತಿ ಮಂಗಳಗೌರಿ ಯಾಕೆ ಎಂದು ಕೇಳಿದರು. ಹೇಳಿದ. ಅವರು ದೊಡ್ಡ ಚೊಂಬೇ ತೆಗೆದು, ಕಂಠಮಟ್ಟ ತುಂಬಿ, ಇನ್ನೊಂದು ಸೌಟು ಮೇಲೆ ಸುರಿದು ಕೊಟ್ಟರು.

ನಾಗಭೂಷಣ್ ಬಿಳಿ ಪಂಚೆ ಉಟ್ಟು ಬಂದು ಎಂದಿನಂತೆ ಮುಂದಿನ ಬಾಗಿಲಿಗೆ ಕೈ ಹಾಕಿದರು. ಚಿಕ್ಕಬೀರಯ್ಯ ಹಿಂದಿನ ಬಾಗಿಲು ತೆಗೆದು ಚೊಂಬು ಹಿಡಿದು ನಿಂತಿದ್ದ.

"ಏನ್ಲಾ ಇದು?"

"ನಿಂಗಮ್ಮನೋರ ಪರೀಕ್ಷೆ ಯಜಮಾನ್ರೇ. ನಾಳೆ ಅವರು ನೋಡೋಕ್ ಮುಂಚೆ ಇವತ್ತು ನಾವೇ ನೋಡಾನ ಅಂತ."

"ಅದ್ಕೇನು, ಕೊಡಿಲ್ಲಿ" ಎಂದು ಅವರು ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಜಂಬದಿಂದಲೇ ಕುಳಿತರು. ಕಾರು ಕೊಂಡು ಮೂರು ತಿಂಗಳಾದರೂ ಹಿಂದೆ ಕುಳಿತದ್ದು ಅದೇ ಮೊದಲು. ಮುಂದೆ ಕುಳಿತರೆ ನೋಡುವವರು ಕಾಣುತ್ತಾರಲ್ಲ.

ಚಿಕ್ಕಬೀರಯ್ಯ ಮೋಸ ಮಾಡಲಿಲ್ಲ. ಬೇಕೆಂದು ಒಂದು ಗುಂಡಿಗೂ ಇಳಿಸಲಿಲ್ಲ. ತನ್ನ ಇಪ್ಪತ್ತೆರಡು ವರ್ಷದ ಕೈಚಳಕವನ್ನೆಲ್ಲ ಹಾಕಿ ಓಡಿಸಿದ. ಆದರೂ ಗುಬ್ಬಿ ದಾಟುವ ಮೊದಲೇ ಹಿಂದಿನಿಂದ ಒಂದು ಸಣ್ಣ 'ಅಯ್ಯಪ್ಪ' ಕೇಳಿಸಿತು. ಸೇತುವೆಯ ಜೋಡಣೆಯ ಮೇಲೆ ಎರಡನೆಯದು. ಕನ್ನಡಿಯಲ್ಲಿ ನೋಡಿದರೆ ಯಜಮಾನರು ಚೊಂಬನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಹರಕೆ ಹೊತ್ತವರಂತೆ ಕುಳಿತಿದ್ದರು. ಬಟವಾಡಿ ಮುಟ್ಟುವಾಗ ಚೊಂಬಿನಲ್ಲಿ ಅರ್ಧ ಉಳಿದಿತ್ತು. ಇನ್ನರ್ಧ ಪಂಚೆಯ ಮೇಲಿತ್ತು. ಕೈಗಡಿಯಾರದ ಗಾಜಿಗೆ ಒಂದು ಕರಿಬೇವಿನ ಎಲೆ ಅಂಟಿಕೊಂಡಿತ್ತು.

ರಾಮಾಂಜಿನಯ್ಯ ಅವರನ್ನು ಮೇಲಿಂದ ಕೆಳಗೆ ನೋಡಿ, "ಯಜಮಾನ್ರೇ, ಸೋರ್ತಿರೋದು ಕಾರಾ, ನೀವಾ?" ಎಂದ.

ನಾಗಭೂಷಣ್ ನಗಲಿಲ್ಲ. ಕುರ್ಚಿಯ ಮೇಲೆ ಕುಳಿತು, ಸೊಂಟ ನೀವಿಕೊಂಡು, ನೇರವಾಗಿ ಕೇಳಿದರು: "ಇವು ಕೆಟ್ಟ ಟೈರಾ?"

"ಕೆಟ್ಟವಲ್ಲ" ಎಂದ ರಾಮಾಂಜಿನಯ್ಯ. "ಹೈವೇಲಿ ಒಬ್ಬರೇ ಹೋಗ್ತಾ ಇರ್ತೀರ, ಮೊಳೆ ಚುಚ್ತು ಅಂದ್ಕೊಳಿ. ಇಳೀದಂಗೆ ಊರು ಸೇರ್ಬೋದು. ಅದು ದೊಡ್ಡ ಗುಣವೇ. ಆದ್ರೆ ನಮ್ಮ ರಸ್ತೇಲಿ ಏಟು ನುಂಗ್ಬೇಕಾದ್ದು ಗಾಳಿ. ಆ ಕೆಲ್ಸ ರಬ್ಬರ್ ಮಾಡಕ್ಕಾಗಲ್ಲ."

ನಾಗಭೂಷಣ್ ರಸ್ತೆಯ ಕಡೆ ತಿರುಗಿದರು. ಸಿಟಿ ಬಸ್ಸೊಂದು ಬಂದು ನಿಂತು ಹೋಯಿತು. ಹತ್ತು ದಿನದ ಹಿಂದೆ ಅದೇ ಹಿಂದಿನ ಸೀಟಿನಲ್ಲಿ, ಇದೇ ರಸ್ತೆಯಲ್ಲಿ, ಹೊಟ್ಟೆ ಹಿಡಿದುಕೊಂಡು ಕುಳಿತಿದ್ದವಳು ತಮ್ಮ ಮಗಳು ಎಂಬುದು ಆಗ ಅವರಿಗೆ ಹೊಳೆದಿರಬೇಕು.

"ಚಿಕ್ಕಬೀರಯ್ಯ, ಅವಳು ಆವತ್ತು ಏನಾದ್ರೂ ಅಂದ್ಲಾ?"

"ಏನೂ ಅನ್ನಲಿಲ್ಲ ಯಜಮಾನ್ರೇ. ಅಪ್ಪಂಗೆ ಹೇಳ್ಬೇಡ ಅಂದ್ರು ಅಷ್ಟೇ."

"ಮಾಮೂಲಿದೇ ಹಾಕ್ಬುಡಪ್ಪ" ಎಂದರು ನಾಗಭೂಷಣ್, ರಾಮಾಂಜಿನಯ್ಯನ ಕಡೆ ತಿರುಗಿ. "ಸ್ಟೆಪ್ನೀನೂ ಒಂದು ಇರ್ಲಿ."

ರಾಮಾಂಜಿನಯ್ಯ ಅದೇ ಅಳತೆಯ ಹಳೇ ರಿಮ್ಮೊಂದನ್ನು ಗುಜರಿಯಿಂದ ಹುಡುಕಿ ತಂದ. ಡಿಕ್ಕಿಯಲ್ಲಿ ಸ್ಟೆಪ್ನಿಗೆಂದು ಗುಳಿ ಇರಲಿಲ್ಲವಾದ್ದರಿಂದ ಅದನ್ನು ಗೋಣಿಚೀಲದಲ್ಲಿ ಸುತ್ತಿ ಕಾಯಿ ಚೀಲದ ಜಾಗದಲ್ಲಿ ಮಲಗಿಸಿದರು. ಜೊತೆಗೆ ಜಾಕು, ಸ್ಪಾನರು. ಬೇಸರದಿಂದಲೇ ನೋಡುತ್ತಿದ್ದ ಯಜಮಾನರು ವಾಪಸು ಹೋಗುವಾಗ ತಾವಾಗಿಯೇ ಹಿಂದೆ ಕುಳಿತರು. ಉಳಿದಿದ್ದ ಮಜ್ಜಿಗೆಯನ್ನು ಗುಬ್ಬಿಯವರೆಗೆ ಹಿಡಿದುಕೊಂಡೇ ಹೋದರು. ಹನಿಯೂ ಚೆಲ್ಲಲಿಲ್ಲ. ಚೊಂಬು ಅರ್ಧ ಖಾಲಿ ಇತ್ತು ಎಂಬುದನ್ನು ಚಿಕ್ಕಬೀರಯ್ಯ ನೆನಪಿಸಲಿಲ್ಲ.

ಗುರುವಾರ ಕುಣಿಗಲ್ಲಿನ ಮನೆ ಮುಂದೆ ನಿಂಗಮ್ಮ ಚೊಂಬು ಹಿಡಿದು ಕಾಯುತ್ತಿದ್ದರು. ತಮ್ಮ ಕೆಳಗೆ ಮಡಿಸಿದ ಟವೆಲು ಹಾಸಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತರು. ಕೆರೆ ಏರಿಗೆ ಹೋಗಿ ತಿರುಗಿ ಬರುವವರೆಗೂ ಅವರ ಕಣ್ಣು ಚೊಂಬಿನ ಬಾಯಿ ಬಿಟ್ಟು ಆಚೆ ಈಚೆ ಸರಿಯಲಿಲ್ಲ. ಶಾಲೆಯ ಮುಂದಿನ ಹಂಪಿನಲ್ಲಿ ಎರಡು ಹನಿ ಹಾರಿ ಸೆರಗಿನ ಮೇಲೆ ಬಿದ್ದವು. ಚಿಕ್ಕಬೀರಯ್ಯ ಕಾರನ್ನು ಮನೆ ಮುಂದೆ ತಂದು ನಿಲ್ಲಿಸಿದ. ಬಾಗಿಲಲ್ಲಿ ಚೈತನ್ಯ, ಪಕ್ಕದಲ್ಲಿ ನಾಗಭೂಷಣ್, ಇಬ್ಬರೂ ಸೆರಗನ್ನೇ ನೋಡಿದರು.

ನಿಂಗಮ್ಮ ಹನಿಯನ್ನು ಬೆರಳಲ್ಲಿ ಒರೆಸಿಕೊಂಡರು. "ಇದು ಹಂಪಿನ ತಪ್ಪು, ಕಾರಿಂದಲ್ಲ" ಎಂದರು. ಆಮೇಲೆ ಬೀಗರ ಕಡೆ ನೋಡಿ, "ನೀವು ಕೂತು ನೋಡಿದ್ರಂತಲ್ಲ ಬೀಗರೇ" ಅಂದರು. ನಾಗಭೂಷಣ್ ತಲೆ ತಗ್ಗಿಸಿ, ನೋಡಿದೆ, ಪಂಚೆ ಇನ್ನೂ ಒಣಗಿಲ್ಲ ಎಂದರು. ನಿಂಗಮ್ಮ ಅಂದು ಮೊದಲ ಸಲ ಬಾಯ್ತುಂಬ ನಕ್ಕರು. ಸೊಸೆಗೆ ಮಡಿಲು ತುಂಬಿ, ತಾವೂ ಜೊತೆಗೆ ಹೊರಟರು. ಚೊಂಬಿಗೆ ತಟ್ಟೆ ಮುಚ್ಚಿ ಕಾಲ ಬಳಿ ಇಟ್ಟುಕೊಂಡರು.

ಹೆಬ್ಬೂರು ದಾಟಿ ಸ್ವಲ್ಪ ದೂರ ಬಂದಿದ್ದರು. ಹಿಂದಿನ ಸೀಟಿನಲ್ಲಿ ಚೈತನ್ಯ ಅತ್ತೆಯ ಭುಜಕ್ಕೊರಗಿ ನಿದ್ದೆ ಹೋಗಿದ್ದಳು. ಆ ಹಳದಿ ದೀಪದ ಅರ್ಥವನ್ನು ಚಿಕ್ಕಬೀರಯ್ಯನಿಂದ ಕೇಳಿ ತಿಳಿದಿದ್ದ ನಾಗಭೂಷಣ್, ಮುಂದಿನ ಸೀಟಿನಿಂದ ಇದ್ದಕ್ಕಿದ್ದಂತೆ ಗಣಪನ ಕಡೆ ಬಗ್ಗಿದರು.

"ಚಿಕ್ಕಬೀರಯ್ಯ, ನಿಲ್ಸು. ದೀಪ ಹತ್ಕೊಂತು."

ಇಳಿದು ನೋಡಿದರೆ ಎಡಗಡೆ ಮುಂದಿನ ಟೈರು ಮೆಲ್ಲಗೆ ಕೂರುತ್ತಿತ್ತು. ಈ ಸಲ ಕಣ್ಣಿಗೇ ಕಾಣುತ್ತಿತ್ತು. ಆ ಟೈರಾಗಿದ್ದರೆ ಹೀಗೇ ಊರು ಸೇರುತ್ತಿದ್ದೆವು ಎಂದು ನಾಗಭೂಷಣ್ ಸಣ್ಣ ದನಿಯಲ್ಲಿ ಅಂದರು. ಸೇರುತ್ತಿದ್ದೆವು, ಅದು ನಿಜ ಎಂದು ಚಿಕ್ಕಬೀರಯ್ಯ ಒಪ್ಪಿ, ಡಿಕ್ಕಿ ತೆಗೆದು ಗೋಣಿಚೀಲ ಬಿಚ್ಚಿದ. ಮೂರು ತಿಂಗಳಿಂದ ಕೆಲಸವಿಲ್ಲದ ಅವನ ಕೈಗಳಿಗೆ ಜಾಕು ಹಿಡಿದದ್ದೇ ಹಬ್ಬವಾಯಿತು.

ಹೆಂಗಸರು ಹುಣಸೆಮರದ ನೆರಳಿನಲ್ಲಿ ಕುಳಿತರು. ಇಪ್ಪತ್ತು ನಿಮಿಷ ಬೇಕಾಯಿತು. ಅಷ್ಟರಲ್ಲಿ ನಿಂಗಮ್ಮ ತಟ್ಟೆ ತೆಗೆದು, ಚೊಂಬಿನ ಮಜ್ಜಿಗೆಯನ್ನು ಮೊದಲು ಸೊಸೆಗೆ, ಆಮೇಲೆ ಬೀಗರಿಗೆ, ಕೊನೆಗೆ ಕೈ ತೊಳೆದು ಬಂದ ಚಿಕ್ಕಬೀರಯ್ಯನಿಗೆ ಬಗ್ಗಿಸಿ ಕೊಟ್ಟರು. ಎಲ್ಲರಿಗೂ ಸಾಲುವಷ್ಟು ಇತ್ತು.